ಸೀಸದ ಗುಂಡಿಗೆ ಜೇನುಮೇಣ

ಜೇನು ಹಿಂಡಿದ ಮೇಲೆ ಉಳಿಯೋ ಮೇಣಾನ ನಮ್ಮ ಕಡೆ ಸುಮಾರು ಜನ ಎಸೆದುಬಿಡ್ತಾರೆ. ಅಮೆರಿಕದಲ್ಲಿರೋ ನಮ್ಮಕ್ಕನ ಮಗ ಅದನ್ನ ದುಡ್ಡು ಕೊಟ್ಟು ತರ್ತಾನೆ. ರಿವಾಲ್ವರ್‌ನಲ್ಲಿ ಗುರಿ ಹೊಡೆಯೋದು ಅವನ ಹವ್ಯಾಸ. ತನ್ನ ಬಳಕೆಗೆ ಸೀಸದ ಗುಂಡನ್ನ ಮನೇಲೇ ಎರಕ ಹೊಯ್ಯೋರು ಅಲ್ಲಿ ತುಂಬಾ ಜನ.

ಮೇಣ ಯಾಕೋ ಅಂತ ಕೇಳ್ದೆ. "ಮಾವ, ಸೀಸ ಮೆದು. ಒಣಗುಂಡು ಹೊಡೆದ್ರೆ ನಳಿಗೆ ಒಳಗೆ ಸೀಸ ಮೆತ್ತಿಕೊಂಡು ಗುರಿ ಕೆಡುತ್ತೆ" ಅಂದ. ಗುಂಡಿನ ಸುತ್ತ ಸಣ್ಣ ಕಾಲುವೆ ಥರ ಗೀರು ಇರುತ್ತಂತೆ, ಅದರೊಳಗೆ ಮೇಣ ತುಂಬೋದು. ಬರೀ ಮೇಣ ಗಟ್ಟಿ, ಬರೀ ಎಣ್ಣೆ ಸೆಕೆಗೆ ಇಳಿದು ಮದ್ದು ಕೆಡಿಸುತ್ತೆ. ಹಾಗಾಗಿ ಮೇಣಕ್ಕೆ ಗ್ರೀಸ್ ಬೆರೆಸಿ ಹದ ಮಾಡ್ತಾರೆ. ಮೇಣ ಕರಗೋದು 62ರಿಂದ 64 ಡಿಗ್ರಿಗೆ. ನೇರ ಉರಿಗೆ ಇಟ್ರೆ ಬೆಂಕಿ ಹತ್ತುತ್ತೆ, ಬಿಸಿನೀರಿನ ಪಾತ್ರೆಯೊಳಗೆ ಇಟ್ಟೇ ಕರಗಿಸಬೇಕು. ಇಷ್ಟೆಲ್ಲ ಮಾಡಿದ್ರೂ ನಳಿಗೆಗಿಂತ ಗುಂಡು ಸಣ್ಣದಿದ್ರೆ ಮೇಣ ಏನೂ ಉಪಯೋಗ ಇಲ್ಲ, ಸೀಸ ಮೆತ್ತೇ ಮೆತ್ತುತ್ತೆ.

ಅವನು ಒಂದೊಂದೇ ಗುಂಡಿಗೆ ಬೆರಳಲ್ಲಿ ಮೇಣ ಸವರ್ತಿದ್ದ. ಹೋದ ವರ್ಷ ರಕ್ತ ಪರೀಕ್ಷೆ ಮಾಡಿಸಿದಾಗ ಸೀಸ ಜಾಸ್ತಿ ಬಂತು. ಮನೇಲಿ ಎರಡು ವರ್ಷದ ಮಗು. ಸೀಸ ಮಕ್ಕಳ ಮಿದುಳಿಗೇ ಪೆಟ್ಟು ಕೊಡುತ್ತೆ, ಇಷ್ಟಾದ್ರೆ ಪರವಾಗಿಲ್ಲ ಅನ್ನೋ ಮಟ್ಟವೇ ಇಲ್ಲ ಅಂತ ವಿಶ್ವ ಆರೋಗ್ಯ ಸಂಸ್ಥೆ ಹೇಳುತ್ತೆ. ಈಗ ಆ ಕೆಲಸ ಎಲ್ಲ ಹೊರಗಿನ ಶೆಡ್‌ನಲ್ಲಿ. ಪಾತ್ರೆ ಬೇರೆ, ಕೈಗೆ ಗ್ಲೌಸ್. ಸೋಪಲ್ಲಿ ಕೈ ತೊಳೆದು, ಬಟ್ಟೆ ಬದಲಾಯಿಸಿಯೇ ಮಗು ಎತ್ತಿಕೊಳ್ಳೋದು.

ನಮ್ಮಲ್ಲಿ ಲೈಸೆನ್ಸ್ ಇಲ್ಲದೆ ಗುಂಡು ತಯಾರಿಸೋದು 1959ರ ಶಸ್ತ್ರಾಸ್ತ್ರ ಕಾಯ್ದೆ ಪ್ರಕಾರ ಅಪರಾಧ, ಆ ಗೊಡವೆ ಬೇಡ. ಆದ್ರೆ ಬೀಸುಬಲೆಗೆ ಕಟ್ಟೋಕೆ ಹಳೇ ಸೀಸ ಕರಗಿಸೋರು ನಮ್ಮ ಮಧ್ಯಾನೂ ಇದ್ದೀರಿ, ಕೆಲವರು ಅಡುಗೆ ಒಲೆ ಮೇಲೇ. ದಯವಿಟ್ಟು ಬಿಟ್ಟುಬಿಡಿ ಮಾರಾಯ್ರೆ. ಅಂಗಡೀಲಿ ರೆಡಿ ಗುಂಡು ಸಿಗ್ತಾವೆ. ಮಾಡಲೇಬೇಕು ಅಂದ್ರೆ ಮನೆಯಿಂದ ದೂರ, ಗಾಳಿ ಆಡೋ ಕಡೆ, ಮಕ್ಕಳು ಹತ್ರ ಬರದ ಹಾಗೆ ಮಾಡಿ. ಕರಗಿದ ಸೀಸಕ್ಕೆ ಒಂದು ಹನಿ ನೀರು ಬಿದ್ರೂ ಮುಖಕ್ಕೆ ಸಿಡಿಯುತ್ತೆ. ಬಳಸಿದ ಪಾತ್ರೆ ಮತ್ತೆ ಅಡುಗೆಮನೆಗೆ ಬರಬಾರದು.

ಮೇಣ ಮಾತ್ರ ಎಸೀಬೇಡಿ. ಕೊಬ್ಬರಿ ಎಣ್ಣೆ ಸೇರಿಸಿ ಕರಗಿಸಿಟ್ಟರೆ ಒಡೆದ ಹಿಮ್ಮಡಿಗೂ ಆಗುತ್ತೆ, ಮಳೆಗಾಲದಲ್ಲಿ ಕತ್ತಿ ತುಕ್ಕು ಹಿಡಿಯದಂತೆ ಸವರೋಕೂ ಆಗುತ್ತೆ.