ಸತ್ತ ಮೇಲಿನ ಲೆಕ್ಕ

ನಮ್ಮ ನಾಗಲಮಡಿಕೆಯ ಪಿನಾಕಿನಿ ದಡದಲ್ಲಿ ಕುಳಿತು ನಾನು ಮೊಬೈಲಿನಲ್ಲಿ ಯುದ್ಧ ಮಾಡುತ್ತಿದ್ದೆನೆಂದರೆ ಗುರುಗಳು ನಕ್ಕಾರು. 2021ರಲ್ಲಿ ಬಂದ ಬಿಜಿಎಂಐ ಎಂಬ ಈ ಆಟದಲ್ಲಿ ನೂರು ಮಂದಿ ದ್ವೀಪಕ್ಕಿಳಿಯುತ್ತಾರೆ. ಕೊನೆಗೆ ಉಳಿದವರೇ ಗೆದ್ದವರು. ಸತ್ತಾಗಲೆಲ್ಲ ನಾನು ನೆಟ್‌ವರ್ಕನ್ನು ಬೈಯುತ್ತಿದ್ದೆ. ಅದು ಸಾಲದಾದಾಗ ಜೋಡಿಯಾಟದ ಗೆಳೆಯನನ್ನು. ಅವನು ಬರುವುದನ್ನೇ ಬಿಟ್ಟ.

ಒಂದು ರಾತ್ರಿ ಒಬ್ಬನೇ ಆಡಿ ಸತ್ತು, ಕೊಂದವನ ಕಣ್ಣಿನಿಂದ ತೋರಿಸುವ ಮರುನೋಟವನ್ನು ನೋಡಿದೆ. ಬಟ್ಟಬಯಲಲ್ಲಿ ನಿಂತು ಬಂದೂಕಿಗೆ ಗುಂಡು ತುಂಬುತ್ತಿದ್ದೇನೆ, ಪುಣ್ಯಾತ್ಮ! ನಾಚಿಕೆಯಿಂದ ಹಳೆಯ ಪಂದ್ಯಗಳ ಲೆಕ್ಕವನ್ನೂ ತೆಗೆದೆ. ಜಗಳವಾದ ದಿನ ಕೊಂದದ್ದರಲ್ಲಿ ನಾನೇ ಮುಂದು. ಬಿದ್ದವರನ್ನು ಎಬ್ಬಿಸಿದ ಸಾಲಿನಲ್ಲಿ ನನ್ನದು ಸೊನ್ನೆ, ಅವನದು ಮೂರು. ಮೂರು ಸಲವೂ ಎದ್ದವನು ನಾನೇ.

ಮರುದಿನ ಅವನ ಮನೆಗೆ ಹೋಗಿ ತೋರಿಸಿದೆ.

“ನಾನು ಅವತ್ತೇ ನೋಡಿದ್ದೆ ಕಣೋ,” ಎಂದ.