ಫ್ರೆಂಡ್ ಹೌದಾ? ಅಲ್ವಾ?

ಮದುವೆ ಮನೆಯವರು ಲಗ್ನಪತ್ರಿಕೆ ಹಂಚೋದನ್ನ ನೀವು ನೋಡಿರ್ತೀರಿ. ಮೊದಲ ಪತ್ರಿಕೆ ಮನೆದೇವರ ಮುಂದೆ. ಆಮೇಲೆ ಸೋದರಮಾವ, ದೊಡ್ಡಪ್ಪ, ಅತ್ತೆ ಮನೆಗಳಿಗೆ ಗಂಡ ಹೆಂಡತಿ ಇಬ್ಬರೂ ಹೋಗಿ, ಕುಂಕುಮ ಕೊಟ್ಟು ಕರೀಬೇಕು. ಅಕ್ಕಪಕ್ಕದ ಮನೆಗೆ ಒಬ್ಬರು ಹೋಗಿ ಬಂದರೆ ಸಾಕು. ಆಫೀಸಿನವರಿಗೆ ಟೇಬಲ್ ಮೇಲೆ ಒಂದೊಂದು. ದೂರದವರಿಗೆ ಒಂದು ಫೋನ್, ಜೊತೆಗೆ ವಾಟ್ಸಾಪ್‌ನಲ್ಲಿ ಪಿಡಿಎಫ್. ಯಾರನ್ನ ಹೇಗೆ ಕರೀಬೇಕು ಅಂತ ಎಲ್ಲೂ ಬರೆದಿಟ್ಟಿಲ್ಲ. ಆದರೆ ಅದು ತಪ್ಪಿದ್ದಕ್ಕೆ ವರ್ಷಗಟ್ಟಲೆ ಮಾತು ಬಿಟ್ಟವರು ಎಲ್ಲರ ಮನೆ ಕಡೆಯೂ ಒಬ್ಬರಾದರೂ ಇರ್ತಾರೆ.

ಚಿಕ್ಕವರಿದ್ದಾಗ ನಮಗೆ ಇದೆಲ್ಲ ದೊಡ್ಡವರ ತಲೆನೋವು ಅನ್ನಿಸ್ತಿತ್ತು. ಈಗ ನಮ್ಮದೇ ಫೋನ್ ನೋಡ್ಕೊಂಡಾಗ ಬೇರೆ ಥರ ಅನ್ನಿಸುತ್ತೆ. ಸುದ್ದಿ ಒಂದೇ ಆದರೂ ಎಲ್ಲರಿಗೂ ಒಂದೇ ಹೊತ್ತಿಗೆ, ಒಂದೇ ಥರ ಹೇಳೋಕೆ ಬರಲ್ಲ. ಈ ಸಣ್ಣ ವಿಷಯ ನಮ್ಮ ಅಜ್ಜಿಯರಿಗೆ ಗೊತ್ತಿತ್ತು. ನಾವು ದಿನಾ ಬಳಸೋ ಆ್ಯಪ್‌ಗಳಿಗೆ ಇನ್ನೂ ಗೊತ್ತಾಗಿಲ್ಲ.

ಮೂರನೇ ಸೆಮ್‌ನ ಡೇಟಾ ಸ್ಟ್ರಕ್ಚರ್ಸ್‌ನಲ್ಲಿ ಗ್ರಾಫ್ ಪಾಠಕ್ಕೆ ಕೊಡೋ ಉದಾಹರಣೆ ಯಾವಾಗಲೂ ಇದೇ. ಫೇಸ್‌ಬುಕ್ ಅಂದ್ರೆ ದಿಕ್ಕಿಲ್ಲದ ಗ್ರಾಫ್: ಅವನು ಇವನ ಫ್ರೆಂಡ್ ಆದ್ರೆ ಇವನೂ ಅವನ ಫ್ರೆಂಡ್. ಟ್ವಿಟರ್, ಇನ್‌ಸ್ಟಾಗ್ರಾಂ ಅಂದ್ರೆ ದಿಕ್ಕಿರೋ ಗ್ರಾಫ್: ನಾವು ಕೊಹ್ಲಿಯನ್ನ ಫಾಲೋ ಮಾಡಬಹುದು, ಕೊಹ್ಲಿ ನಮ್ಮನ್ನ ಮಾಡಬೇಕಾಗಿಲ್ಲ. ಇಬ್ಬರ ನಡುವೆ ಗೆರೆ ಇದ್ದರೆ 1, ಇಲ್ಲದಿದ್ದರೆ 0. ಪರೀಕ್ಷೆಗೆ ಇಷ್ಟು ಸಾಕು. ಬದುಕಿಗೆ ಸಾಲಲ್ಲ ಅನ್ನೋದೇ ನಮ್ಮ ತಕರಾರು.

ಯಾಕಂದ್ರೆ ನಾವು ಮಾತಾಡುವಾಗ ಜನರನ್ನ ಸೊನ್ನೆ ಒಂದು ಅಂತ ಎಣಿಸೋದೇ ಇಲ್ಲ. 'ಮುಖಪರಿಚಯ ಇದೆ' ಅಂತೀವಿ. 'ಗುರುತಿನವರು' ಅಂತೀವಿ. ಜೊತೆಗೆ ಓದಿದವರು, ಓಣಿಯವರು, ಗೆಳೆಯ, ಜೀವದ ಗೆಳೆಯ. ಇನ್ನೊಂದು ಪದ ಇದೆ, 'ಬೇಕಾದವರು'. ಎಲ್‌ಕೆಜಿಯಿಂದ ಇಂಗ್ಲಿಷ್ ಮೀಡಿಯಂನಲ್ಲೇ ಓದಿದ ನಾವು ಅದಕ್ಕೆ ಸರಿಯಾದ ಇಂಗ್ಲಿಷ್ ಪದ ಹುಡುಕಿ ಸುಸ್ತಾಗಿದ್ದೀವಿ. ಬೇಕಾದವರು ನೆಂಟರಲ್ಲ, ಫ್ರೆಂಡ್ಸೂ ಅಲ್ಲ. ಆಸ್ಪತ್ರೆಗೆ ಸೇರಿಸಬೇಕು ಅಂದ್ರೆ ರಾತ್ರಿ ಎರಡು ಗಂಟೆಗೂ ಗಾಡಿ ತಗೊಂಡು ಬರ್ತಾರೆ. ಆದರೆ ಲವ್ ಬ್ರೇಕಪ್ ಆಯ್ತು ಅಂತ ಅವರಿಗೆ ಹೇಳೋಕಾಗುತ್ತಾ? ರೂಮ್‌ಮೇಟ್‌ಗೆ ಅದನ್ನ ಹೇಳಬಹುದು, ಆದರೆ ಅವನಿಗೆ ಎರಡು ಸಾವಿರ ಸಾಲ ಕೊಡೋಕೆ ನಾಲ್ಕು ಸಲ ಯೋಚಿಸ್ತೀವಿ. ಯಾರು ಹತ್ತಿರ ಅನ್ನೋದು ವಿಷಯ ಏನು ಅನ್ನೋದರ ಮೇಲೆ ಬದಲಾಗ್ತಾ ಇರುತ್ತೆ.

ಕಂಪನಿಗಳು ಪ್ರಯತ್ನ ಮಾಡಿಲ್ಲ ಅಂತಲ್ಲ. 2004ರಲ್ಲಿ ಬಂದ ಆರ್ಕುಟ್‌ನಲ್ಲಿ ಫ್ರೆಂಡ್ಸ್‌ಗೆ ದರ್ಜೆ ಕೊಡಬಹುದಿತ್ತು: ಭೇಟಿಯಾಗಿಲ್ಲ, ಪರಿಚಯ, ಫ್ರೆಂಡ್, ಒಳ್ಳೆ ಫ್ರೆಂಡ್, ಬೆಸ್ಟ್ ಫ್ರೆಂಡ್. ನಾವು ಪ್ರೈಮರಿಯಲ್ಲಿದ್ದಾಗ, 2014ರ ಸೆಪ್ಟೆಂಬರ್‌ನಲ್ಲಿ ಆರ್ಕುಟ್ ಮುಚ್ಚಿಹೋಯ್ತು. ನಮ್ಮ ಅಣ್ಣ ಅಕ್ಕಂದಿರು ಈಗಲೂ ಅದರ ಸ್ಕ್ರ್ಯಾಪ್‌ಗಳನ್ನ ನೆನೆಸ್ಕೊಂಡು ನಿಟ್ಟುಸಿರು ಬಿಡ್ತಾರೆ.

2010ರ ಫೆಬ್ರವರಿಯಲ್ಲಿ ಗೂಗಲ್ ಜಿಮೇಲ್ ಒಳಗೇ 'ಬಝ್' ಅಂತ ಒಂದನ್ನ ತಂದು ಕೂರಿಸಿತು. ಯಾರ ಜೊತೆ ಜಾಸ್ತಿ ಮೇಲ್, ಚಾಟ್ ಇದೆಯೋ ಅವರನ್ನ ತಾನಾಗಿ ಫಾಲೋ ಪಟ್ಟಿಗೆ ಹಾಕಿತು. ಆ ಪಟ್ಟಿ ಪ್ರೊಫೈಲ್‌ನಲ್ಲಿ ಬೇರೆಯವರಿಗೂ ಕಾಣೋ ಹಾಗಿತ್ತು. ಈಗ ಯೋಚಿಸಿ, ಜನ ಜಾಸ್ತಿ ಮೇಲ್ ಮಾಡೋದು ಯಾರಿಗೆ? ಲಾಯರಿಗೆ, ಡಾಕ್ಟರಿಗೆ, ಬಾಸ್‌ಗೆ, ಡೈವೋರ್ಸ್ ಆದ ಗಂಡನಿಗೆ. ಜಾಸ್ತಿ ಮಾತಾಡಿದವರೆಲ್ಲ ಆಪ್ತರು ಅನ್ನೋ ಲೆಕ್ಕ ತಲೆಕೆಳಗಾಯ್ತು. ವಿಷಯ ಅಮೆರಿಕದ ಫೆಡರಲ್ ಟ್ರೇಡ್ ಕಮಿಷನ್ ತನಕ ಹೋಗಿ, 2011ರಲ್ಲಿ ಗೂಗಲ್ 20 ವರ್ಷ ಹೊರಗಿನವರಿಂದ ಪ್ರೈವಸಿ ಆಡಿಟ್ ಮಾಡಿಸ್ಕೊಳ್ಳೋಕೆ ಒಪ್ಪಿಕೊಳ್ಳಬೇಕಾಯ್ತು.

ಅದೇ 2011ರಲ್ಲಿ ಗೂಗಲ್ ಪ್ಲಸ್ ಬಂತು, 'ಸರ್ಕಲ್ಸ್' ತಂತು. ಮನೆಯವರು ಒಂದು ವೃತ್ತ, ಕ್ಲಾಸಿನವರು ಒಂದು ವೃತ್ತ, ಯಾವ ವೃತ್ತಕ್ಕೆ ಬೇಕೋ ಅದಕ್ಕೆ ಪೋಸ್ಟ್. ಕೇಳೋಕೆ ಲಗ್ನಪತ್ರಿಕೆ ಲೆಕ್ಕದ ಹಾಗೇ ಇದೆ. ಆದರೂ 2019ರ ಏಪ್ರಿಲ್‌ನಲ್ಲಿ ಅದೂ ಮುಚ್ಚಿತು. ಜನ ಬರದೇ ಇದ್ದದ್ದಕ್ಕೆ ಬೇರೆ ಕಾರಣಗಳೂ ಇದ್ದವು. ಆದರೆ ಐಡಿಯಾದಲ್ಲೇ ಒಂದು ತೊಡಕಿತ್ತು ಅಂತ ನಮ್ಮ ಅನಿಸಿಕೆ. ಜನರನ್ನ ಮೊದಲೇ ಡಬ್ಬಗಳಿಗೆ ಹಾಕಿ ಮುಚ್ಚಳ ಹಾಕಿ ಇಡಬೇಕು. ಹೋದ ವರ್ಷ ಜೀವದ ಗೆಳೆಯ ಆಗಿದ್ದವನು ಈ ವರ್ಷ ಕಾರಿಡಾರ್‌ನಲ್ಲಿ ಸಿಕ್ಕರೆ ತಲೆ ಆಡಿಸಿ ಹೋಗ್ತಾನೆ. ಪ್ರತಿ ಸಲ ಡಬ್ಬ ತೆಗೆದು ಜೋಡಿಸ್ತಾ ಕೂರೋರು ಯಾರು?

ಇನ್‌ಸ್ಟಾಗ್ರಾಂನ 'ಕ್ಲೋಸ್ ಫ್ರೆಂಡ್ಸ್' 2018ರಲ್ಲಿ ಬಂತು. ಅಲ್ಲಿರೋದು ಒಂದೇ ಪಟ್ಟಿ. ಮತ್ತೆ ಅದೇ ಪ್ರಶ್ನೆ: ಒಳಗಾ, ಹೊರಗಾ? ಹಸಿರು ಉಂಗುರ ಯಾರಿಗೆ ಕಾಣುತ್ತೆ, ಯಾರಿಗೆ ಕಾಣಲ್ಲ ಅನ್ನೋದರ ಮೇಲೆ ನಮ್ಮ ಹಾಸ್ಟೆಲ್‌ನಲ್ಲಿ ನಡೆದಿರೋ ಮುನಿಸುಗಳನ್ನ ಬರೆದರೆ ಈ ಸಂಚಿಕೆ ಸಾಕಾಗಲ್ಲ.

ಇದರಿಂದ ಏನು ಮಹಾ ನಷ್ಟ ಅಂತ ಕೇಳಬಹುದು. ನಮ್ಮ ಬ್ಯಾಚಿನಲ್ಲೇ ಕಂಡ ಎರಡು ಸಂಗತಿ ಹೇಳ್ತೀವಿ.

ಮೊದಲನೆಯದು. ಹುಡುಗನೊಬ್ಬನಿಗೆ ಮ್ಯಾಥ್ಸ್‌ನಲ್ಲಿ ಬ್ಯಾಕ್ ಬಂತು. ಮನೆಗೆ ಫೋನಿನಲ್ಲಿ ಹೇಳೋಕೆ ಧೈರ್ಯ ಇರಲಿಲ್ಲ. ಶನಿವಾರ ಊರಿಗೆ ಹೋಗಿ, ಅಪ್ಪನ ಎದುರು ಕೂತು ಹೇಳ್ತೀನಿ ಅಂದಿದ್ದ. ಆದರೆ ಕ್ಲಾಸಿನವನೇ ಒಬ್ಬ ಪಾಸಾದ ಖುಷಿಯಲ್ಲಿ, ಬ್ಯಾಕ್ ಬಂದವರ ಹೆಸರು ಹಾಕಿ, 'ಸಪ್ಲಿಮೆಂಟರಿ ಗ್ಯಾಂಗ್' ಅಂತ ತಮಾಷೆಗೆ ಒಂದು ಪೋಸ್ಟ್ ಹಾಕಿ ಎಲ್ಲರನ್ನೂ ಟ್ಯಾಗ್ ಮಾಡಿದ. ಟ್ಯಾಗ್ ಮಾಡಿದ್ದರಿಂದ ಅದು ಟ್ಯಾಗ್ ಆದವರ ಫ್ರೆಂಡ್ಸ್‌ಗೂ ಕಾಣಿಸಿತು. ಆ ಫ್ರೆಂಡ್ಸ್‌ನಲ್ಲಿ ಚಿಕ್ಕಮ್ಮನ ಮಗ ಇದ್ದ, ಊರಿನ ಟ್ಯೂಷನ್ ಮೇಷ್ಟ್ರು ಇದ್ದರು. ಸಂಜೆ ಹೊತ್ತಿಗೆ ಅಪ್ಪನ ಅಂಗಡಿಗೇ ಯಾರೋ ಹೋಗಿ 'ಮಗನಿಗೆ ಹಿಂಗಾಯ್ತಂತೆ' ಅಂದರು. ಅಪ್ಪ ಬೈಯಲಿಲ್ಲ. 'ಫೇಲಾಗಿದ್ದಕ್ಕೆ ಬೇಜಾರಿಲ್ಲಪ್ಪ. ಊರಿಗೆಲ್ಲ ಗೊತ್ತಾದಮೇಲೆ ನನಗೆ ಗೊತ್ತಾಯ್ತಲ್ಲ' ಅಂದರಂತೆ. ಆ ಸಬ್ಜೆಕ್ಟ್ ಆಮೇಲೆ ಕ್ಲಿಯರ್ ಆಯ್ತು. ಅಪ್ಪನಿಗೆ ಮೊದಲು ತಾನೇ ಹೇಳೋ ಅವಕಾಶ ಮಾತ್ರ ಹೋಗಿದ್ದು ಹೋಯ್ತು.

ಎರಡನೆಯದು ಇದರ ಉಲ್ಟಾ. ಹೈಸ್ಕೂಲಿನಲ್ಲಿ ನಾವು ಯಾರ ಮನೆಯಲ್ಲಿ ದಿನಾ ಸಂಜೆ ಮಂಡಕ್ಕಿ ತಿಂದು ಬೆಳೆದ್ವೋ, ಆ ಗೆಳೆಯನ ಅಜ್ಜಿ ತೀರಿಕೊಂಡರು. ಅವನು ಫೋಟೋ ಹಾಕಿ ಎರಡು ಸಾಲು ಬರೆದಿದ್ದ. ಎಲ್ಲರಿಗೂ ಬೇರೆ ಬೇರೆ ಫೋನ್ ಮಾಡೋ ಸ್ಥಿತಿಯಲ್ಲಿ ಅವನಿರಲಿಲ್ಲ, ಪೋಸ್ಟ್ ನೋಡಿ ಎಲ್ಲರಿಗೂ ಗೊತ್ತಾಗುತ್ತೆ ಅಂದ್ಕೊಂಡಿದ್ದ. ನಮ್ಮ ಫೀಡ್‌ನಲ್ಲಿ ಅದು ಕಾಣಿಸಿದ್ದು ಹನ್ನೊಂದನೇ ದಿನದ ಕಾರ್ಯ ಮುಗಿದ ಮೇಲೆ, ಒಂದು ಕ್ರಿಕೆಟ್ ರೀಲ್ ಮತ್ತು ಒಂದು ಶೂ ಜಾಹೀರಾತಿನ ಮಧ್ಯೆ. ಅಷ್ಟು ದಿನ ನಾವು ಆ್ಯಪ್ ತೆಗೆಯದೇ ಇರಲಿಲ್ಲ, ದಿನಾ ಗಂಟೆಗಟ್ಟಲೆ ಅಲ್ಲೇ ಇದ್ವಿ. ಯಾರೋ ಗೊತ್ತಿಲ್ಲದವರು ಡಾನ್ಸ್ ಮಾಡಿದ್ದು, ಬೆಕ್ಕು ಬಿದ್ದಿದ್ದು ಎಲ್ಲ ಕಾಣ್ತಿತ್ತು, ಅಜ್ಜಿ ಮಾತ್ರ ಕಾಣಲಿಲ್ಲ.

ಎರಡನ್ನೂ ಪಕ್ಕ ಪಕ್ಕ ಇಟ್ಟು ನೋಡಿ. ಒಂದರಲ್ಲಿ ಗೊತ್ತಾಗಬಾರದವರಿಗೆ ಮೊದಲು ಗೊತ್ತಾಯ್ತು. ಇನ್ನೊಂದರಲ್ಲಿ ಗೊತ್ತಾಗಲೇಬೇಕಾದವರಿಗೆ ಗೊತ್ತಾಗಲಿಲ್ಲ. ಎರಡು ಕಡೆಯೂ 'ಫ್ರೆಂಡ್' ಅನ್ನೋ ಗೆರೆ ಸರಿಯಾಗೇ ಇತ್ತು. ಆದರೆ ಆ ಗೆರೆ ಮೇಲೆ ಏನು ಹರೀಬೇಕು, ಯಾವಾಗ ಹರೀಬೇಕು ಅಂತ ನಿರ್ಧಾರ ಮಾಡಿದ್ದು ಹೇಳುವವರೂ ಅಲ್ಲ, ಕೇಳುವವರೂ ಅಲ್ಲ.

ಇದು ಬರೀ ಊರು, ನೆಂಟರ ವಿಷಯ ಅಲ್ಲ. 'ಫ್ರೆಂಡ್' ಅನ್ನೋ ಪದಕ್ಕೆ ಎಷ್ಟು ತೂಕ ಇದೆ ಅಂತ ಕೇಂಬ್ರಿಡ್ಜ್ ಅನಾಲಿಟಿಕಾ ಪ್ರಕರಣದಲ್ಲಿ ಗೊತ್ತಾಯ್ತು. ಫೇಸ್‌ಬುಕ್‌ನಲ್ಲಿ ಪರ್ಸನಾಲಿಟಿ ಕ್ವಿಜ್ ಥರದ ಒಂದು ಆ್ಯಪ್ ಇತ್ತು. ಅದನ್ನ ಹಾಕ್ಕೊಂಡವರ ಮಾಹಿತಿ ಮಾತ್ರವಲ್ಲ, ಅವರ ಫ್ರೆಂಡ್ಸ್ ಮಾಹಿತಿಯೂ ಹೋಗ್ತಿತ್ತು, ಆಗಿನ ನಿಯಮವೇ ಹಾಗಿತ್ತು. 2018ರ ಏಪ್ರಿಲ್‌ನಲ್ಲಿ ಫೇಸ್‌ಬುಕ್ಕೇ ಕೊಟ್ಟ ಲೆಕ್ಕದ ಪ್ರಕಾರ ಭಾರತದಲ್ಲಿ ಆ ಆ್ಯಪ್ ಹಾಕ್ಕೊಂಡವರು 335 ಜನ. ಮಾಹಿತಿ ಹೋಗಿರಬಹುದಾದವರು 5,62,455 ಜನ. ಅಂದ್ರೆ ಐದೂವರೆ ಲಕ್ಷಕ್ಕಿಂತ ಜಾಸ್ತಿ ಜನರನ್ನ ಯಾರೂ ಕೇಳಲೇ ಇಲ್ಲ. ಅವರು ಮಾಡಿದ್ದು ಇಷ್ಟೇ, ಯಾವತ್ತೋ ಒಂದು ದಿನ ಯಾರದ್ದೋ ರಿಕ್ವೆಸ್ಟ್‌ಗೆ 'ಹೌದು' ಅಂದಿದ್ದು. 'ನಿನ್ನ ಪರಿಚಯ ಇದೆ' ಅಂತ ಅವರು ಹೇಳಿದ್ದನ್ನ, 'ನನ್ನ ವಿಷಯ ಯಾರಿಗೆ ಬೇಕಾದರೂ ಕೊಡು' ಅಂತ ಸಿಸ್ಟಮ್ ಅರ್ಥ ಮಾಡ್ಕೊಂಡಿತ್ತು. 2015ರ ಹೊತ್ತಿಗೆ ಆ ದಾರಿ ಮುಚ್ಚಿದ್ರು ನಿಜ, ಆದರೆ ಅಷ್ಟರಲ್ಲಿ ಹೋಗಬೇಕಾದ್ದು ಹೋಗಿತ್ತು.

ಇದಕ್ಕೆಲ್ಲ ನಮ್ಮ ವಯಸ್ಸಿನವರು ಕಂಡುಕೊಂಡ ದಾರಿ ಏನು ಗೊತ್ತಾ? ಸುಮ್ಮನಾಗೋದು. ನಮ್ಮ ಪ್ರೊಫೈಲ್‌ಗಳನ್ನ ತೆಗೆದು ನೋಡಿ, ನಾಲ್ಕು ಫೋಟೋ ಇದ್ರೆ ಹೆಚ್ಚು. ಅಪ್ಪನಿಗೂ ಎಚ್‌ಒಡಿಗೂ ಪಿಜಿ ಆಂಟಿಗೂ ಜೂನಿಯರ್‌ಗೂ ಒಟ್ಟಿಗೆ ಹೇಳಬಹುದಾದ ಮಾತು ಯಾವುದು? 'ಹಬ್ಬದ ಶುಭಾಶಯಗಳು.' ಅಷ್ಟೇ ಹಾಕ್ತೀವಿ. ನಿಜವಾದ ಮಾತೆಲ್ಲ ಸಣ್ಣ ಸಣ್ಣ ಗ್ರೂಪ್‌ಗಳಿಗೆ ಓಡಿಹೋಗಿದೆ. ಒಂದು ಕ್ಲಾಸಿಗೆ ಎಷ್ಟು ಗ್ರೂಪ್ ಇದೆ ಅಂತ ಎಣಿಸಿದ್ವಿ: ಸರ್ ಇರೋ ಕ್ಲಾಸ್ ಗ್ರೂಪ್, ಸರ್ ಇಲ್ಲದ ಕ್ಲಾಸ್ ಗ್ರೂಪ್, ಹುಡುಗರದ್ದು, ಹುಡುಗಿಯರದ್ದು, ಲ್ಯಾಬ್ ಬ್ಯಾಚ್‌ದು, ಟ್ರಿಪ್‌ಗೆ ಹೋದವರದ್ದು, ಟ್ರಿಪ್‌ಗೆ ಹೋದವರಲ್ಲಿ ಒಬ್ಬನನ್ನ ಬಿಟ್ಟಿರೋದು, ಬರ್ತ್‌ಡೇ ಬಂದವರನ್ನ ಬಿಟ್ಟು ಪ್ರತಿ ತಿಂಗಳೂ ಹುಟ್ಟೋ ಹೊಸದು. ಹೊರಗಿನವರಿಗೆ ನಗು ಬರಬಹುದು. ಆದರೆ ಇದು ನಾವೇ ಕೈಯಲ್ಲಿ ಕಟ್ಟಿಕೊಂಡ ಲಗ್ನಪತ್ರಿಕೆ ಪಟ್ಟಿ. ಸಿಸ್ಟಮ್ ಕೇಳದೇ ಇರೋ ಪ್ರಶ್ನೆಗೆ ನಾವು ಗ್ರೂಪ್ ಮಾಡಿ ಉತ್ತರ ಕೊಡ್ತಾ ಇದ್ದೀವಿ.

ಇದರಲ್ಲೂ ಒಂದು ಕಳಕೊಂಡಿದ್ದೀವಿ. ಮೊದಲು ಮುಖಪರಿಚಯದವರ ಜೊತೆ ಗೆಳೆತನ ಬೆಳೆಯೋಕೆ ದಾರಿ ಇತ್ತು. ಬಸ್‌ಸ್ಟ್ಯಾಂಡ್‌ನಲ್ಲಿ ದಿನಾ ಸಿಗೋನು ಒಂದಿನ ಒಂದು ಮಾತು ಜಾಸ್ತಿ ಆಡ್ತಿದ್ದ, ಇನ್ನೊಂದಿನ ನಾವು ಒಂದು ಮಾತು ಜಾಸ್ತಿ ಆಡ್ತಿದ್ವಿ. ಮೆಟ್ಟಿಲು ಮೆಟ್ಟಿಲಾಗಿ ಹತ್ತಿರ ಆಗ್ತಿದ್ವಿ. ಈಗ ಒಂದು ಕಡೆ ಎಂಟುನೂರು ಜನರ ಬಯಲು, ಇನ್ನೊಂದು ಕಡೆ ನಾಲ್ಕು ಜನರ ಬಾಗಿಲು ಹಾಕಿದ ರೂಮು. ಮಧ್ಯೆ ಜಗಲಿಯೇ ಇಲ್ಲ.

ಹಾಗಂತ ಎಲ್ಲ ಆ್ಯಪ್ ಡಿಲೀಟ್ ಮಾಡಿ ಅಂತ ಉಪದೇಶ ಮಾಡೋಕೆ ನಾವು ಕೂತಿಲ್ಲ. ನಮಗೂ ಅದಿಲ್ಲದೆ ದಿನ ಹೋಗಲ್ಲ. ಆದರೆ ನಾವು ಇಂಜಿನಿಯರಿಂಗ್ ಓದ್ತಾ ಇರೋರು. ಡಿಬಿಎಂಎಸ್ ಮಿನಿ ಪ್ರಾಜೆಕ್ಟ್ ಅಂದ ತಕ್ಷಣ ಯಾವುದಾದರೂ ಟೀಮ್ 'ಸೋಶಿಯಲ್ ಮೀಡಿಯಾ ಆ್ಯಪ್' ಅಂತ ಶುರು ಮಾಡುತ್ತೆ. ಯೂಸರ್ ಒಂದು ಟೇಬಲ್, ಫ್ರೆಂಡ್ಸ್ ಒಂದು ಟೇಬಲ್, ಅದರಲ್ಲಿ ಹೌದು ಅಥವಾ ಇಲ್ಲ ಅನ್ನೋ ಒಂದು ಕಾಲಮ್. ಅರ್ಧ ಗಂಟೆ ಕೆಲಸ. ಆ ಕಾಲಮ್ ಹಾಕೋ ಮುಂಚೆ ಮೂರು ವಿಷಯ ಟೀಮಿನಲ್ಲಿ ಜಗಳ ಆಡಿ ಅಂತ ನಮ್ಮ ಕೋರಿಕೆ.

ಒಂದು, ಯಾರಿಗೆ ಹೇಳಬೇಕು ಅನ್ನೋ ಪ್ರಶ್ನೆಯನ್ನ ಫ್ರೆಂಡ್ ಮಾಡ್ಕೊಳ್ಳುವಾಗ ಕೇಳಬೇಡಿ, ಹೇಳುವಾಗ ಕೇಳಿ. ಮೊದಲೇ ಟಿಕ್ ಆಗಿರೋ 'ಎಲ್ಲರಿಗೂ' ಬೇಡ. ಎರಡು, ಒಬ್ಬರ ವಿಷಯ ಇನ್ನೊಬ್ಬರು ಹಾಕಿದರೆ, ಆ ವಿಷಯ ಯಾರದ್ದೋ ಅವರು ಸರಿ ಅಂದ ಮೇಲೇ ಅದು ಹೊರಗೆ ಹೋಗಲಿ. ಟ್ಯಾಗ್ ಆದ ಮೇಲೆ ತೆಗೆಯೋ ಆಪ್ಷನ್ ಕೊಟ್ಟು ಪ್ರಯೋಜನ ಇಲ್ಲ, ಅಷ್ಟರಲ್ಲಿ ಸುದ್ದಿ ಅಂಗಡಿ ತನಕ ಹೋಗಿರುತ್ತೆ. ಮೂರು, 'ಇದು ಇವರಿಗೆ ಮುಟ್ಟಲೇಬೇಕು' ಅಂತ ಒಬ್ಬರು ಹೆಸರು ಹಿಡಿದು ಹೇಳಿದ್ದು, ಯಾವ ರೀಲ್‌ಗೂ ಕಾಯದೆ ಅವತ್ತೇ ಮುಟ್ಟಲಿ.

ಮಿನಿ ಪ್ರಾಜೆಕ್ಟ್‌ಗೆ ಇಷ್ಟೆಲ್ಲ ಬೇಕಾ ಅಂತ ಗೈಡ್ ಕೇಳ್ತಾರೆ. ಕೇಳಲಿ. ಇನ್ನು ಮೂರು ವರ್ಷಕ್ಕೆ ನಮ್ಮಲ್ಲೇ ಯಾರೋ ಒಬ್ಬರು ಕೋಟಿಗಟ್ಟಲೆ ಜನ ಬಳಸೋ ಆ್ಯಪ್‌ನ ಟೀಮಿನಲ್ಲಿ ಕೂತಿರ್ತಾರೆ, ಅವರ ಮುಂದೆ ಇದೇ ಕಾಲಮ್ ಬರುತ್ತೆ. ಅಲ್ಲಿ ತನಕ ಒಂದು ಕೆಲಸ ಮಾಡಬಹುದು. ಯಾರದ್ದಾದರೂ ಪೋಸ್ಟ್ ಕಾಣಿಸದೆ ತುಂಬಾ ದಿನ ಆಗಿದ್ರೆ, ಚೆನ್ನಾಗಿದ್ದಾರೆ ಅಂದ್ಕೊಂಡು ಸುಮ್ಮನಿರಬೇಡಿ. ಒಂದು ಫೋನ್ ಮಾಡಿ.