ಗಂಟು ಸಕ್ಕರೆ ತಿನ್ನುತ್ತದೆಯೇ?

ಅನುವಾದದಿಂದ ಹೊಟ್ಟೆ ಹೊರೆಯುವ ನನಗೆ ಆಸ್ಪತ್ರೆಯ ಕಾಗದಗಳು ಹೊಸವಲ್ಲ. ಆದರೆ ಕಳೆದ ವರ್ಷ ಓದಿದ ಪೆಟ್-ಸಿಟಿ ವರದಿ ಗಿರಾಕಿಯದಲ್ಲ, ನಮ್ಮ ದೊಡ್ಡಪ್ಪನ ಮೊಮ್ಮಗನದು. ಹದಿನಾಲ್ಕರ ಹುಡುಗ. ಮೊಣಕಾಲಿನ ಮೇಲೆ, ತೊಡೆಯ ಮೂಳೆಯಲ್ಲಿ ಆಸ್ಟಿಯೋಸಾರ್ಕೋಮಾ. ಚಿಕಿತ್ಸೆಗೆಂದು ಗದಗದಿಂದ ಅಮ್ಮ ಮಗ ಪುಣೆಗೆ ಬಂದು ನಮ್ಮಲ್ಲೇ ಇದ್ದರು.

ವರದಿಯಲ್ಲಿ ಮತ್ತೆ ಮತ್ತೆ ಬರುವ ಪದ 'ಆವಿಡ್'. ನಿಘಂಟಿನಲ್ಲಿ ಹುಡುಕಿದರೆ ಅತ್ಯಾಸೆ, ಹಸಿವು ಎಂಬಂಥ ಅರ್ಥಗಳು. ಯಾರೋ ಬಂಧುಗಳು ಅಕ್ಕನಿಗೆ ಆಗಲೇ ಅದನ್ನು ಕನ್ನಡ ಮಾಡಿ ಹೇಳಿದ್ದರು: ಗಂಟು ಸಕ್ಕರೆ ತಿನ್ನುತ್ತದೆ. 'ತಿನ್ನು' ಅಂದಮೇಲೆ ಹಸಿವು, ಉಪವಾಸ ಬೆನ್ನಿಗೇ ಬರುತ್ತವೆ.

"ಹಂಗಾರ ಸಕ್ಕರಿ, ಅನ್ನ ಬಂದ್ ಮಾಡಿದ್ರ ಅದು ಸಾಯ್ತೈತಲ್ಲ?"

ಕೇಳುವ ಹೊತ್ತಿಗೆ ಬಂದ್ ಮಾಡಿಯೂ ಆಗಿತ್ತು. ಕಿಮೋ ಶುರುವಾಗಿ ವಾರವಾಗಿದ್ದ ಹುಡುಗನ ತಟ್ಟೆಯಲ್ಲಿ ಸೌತೆಕಾಯಿ, ಮೊಳಕೆಕಾಳು.

ನಿಜವಾಗಿ ಆಗುವುದು ಬೇರೆ. ಸಕ್ಕರೆಯನ್ನೇ ಹೋಲುವ ಎಫ್‌ಡಿಜಿ ಎಂಬ ವಸ್ತುವಿಗೆ ವಿಕಿರಣ ಸೂಸುವ ಫ್ಲೋರಿನ್-18 ಅಂಟಿಸಿ ರಕ್ತನಾಳಕ್ಕೆ ಚುಚ್ಚುತ್ತಾರೆ. ಅದರ ಅರ್ಧಾಯುಷ್ಯ ಸುಮಾರು 110 ನಿಮಿಷ. ಜೀವಕೋಶ ಅದನ್ನು ಗ್ಲೂಕೋಸ್ ಎಂದೇ ಒಳಗೆ ಬಿಟ್ಟುಕೊಳ್ಳುತ್ತದೆ, ಆದರೆ ಅರಗಿಸಲಾರದು. ಅದು ಒಳಗೇ ಸಿಕ್ಕಿಕೊಳ್ಳುತ್ತದೆ. ಚಿತ್ರದಲ್ಲಿ ಹೊಳೆಯುವುದು ಹಾಗೆ ಸಿಕ್ಕಿಕೊಂಡದ್ದು. ಮಿದುಳೂ ಹೊಳೆಯುತ್ತದೆ, ಮೂತ್ರಕೋಶವೂ ಹೊಳೆಯುತ್ತದೆ. ಸೋಂಕು, ಕೂಡಿಕೊಳ್ಳುತ್ತಿರುವ ಮೂಳೆ ಕೂಡ. ಚುಚ್ಚಿದ ಮೇಲೆ ಸುಮಾರು ಒಂದು ಗಂಟೆ ಅಲುಗಾಡದೆ ಮಲಗಿಸುವುದೂ ಇದಕ್ಕೇ. ದುಡಿದ ಸ್ನಾಯು ತನ್ನ ಪಾಲು ಎಳೆದುಕೊಳ್ಳುತ್ತದೆ. ಹಾಗಾಗಿ ಹೊಳೆದದ್ದೆಲ್ಲ ಕ್ಯಾನ್ಸರ್ ಅಲ್ಲ. ಅದನ್ನು ಖಚಿತಪಡಿಸುವುದು ಬಯಾಪ್ಸಿಯೇ.

ಇನ್ನು ಸಕ್ಕರೆ. ನಾವು ಉಣ್ಣದಿದ್ದರೂ ಯಕೃತ್ತು ಗ್ಲೂಕೋಸ್ ತಯಾರಿಸಿ ರಕ್ತಕ್ಕೆ ಬಿಡುತ್ತದೆ. ಸೊರಗುವುದು ಹುಡುಗ. ಸ್ಕ್ಯಾನಿಗೆ ಮುಂಚಿನ ನಾಲ್ಕಾರು ಗಂಟೆಯ ಉಪವಾಸ ಚಿತ್ರ ಸ್ಪಷ್ಟ ಬರಲೆಂದು ಮಾತ್ರ. ಇದನ್ನು ನಾನು ಹೇಳಿದಾಗ ಅಕ್ಕ ನಂಬಲಿಲ್ಲ. ಆಸ್ಪತ್ರೆಯ ಆಹಾರತಜ್ಞೆ ಹಿಂದಿಯಲ್ಲಿ ಹೇಳಿ, ನಾನು ಸಾಲು ಸಾಲಾಗಿ ಕನ್ನಡಕ್ಕೆ ತಂದ ಮೇಲೆ ಮಾರನೇ ದಿನ ಅನ್ನ ತಟ್ಟೆಗೆ ಮರಳಿತು. ತುಪ್ಪವೂ.

ಶಸ್ತ್ರಚಿಕಿತ್ಸೆಗೆ ಮುಂಚೆ ಎರಡನೇ ಸ್ಕ್ಯಾನ್. ಗಂಟಿನ ಅಳತೆ ಹೆಚ್ಚುಕಮ್ಮಿ ಅಷ್ಟೇ ಇತ್ತು. ಅಕ್ಕ ಗೋಡೆಗೆ ಒರಗಿ ಕೂತುಬಿಟ್ಟಳು. ಈ ಗಡ್ಡೆ ತಾನೇ ಮೂಳೆಯಂಥ ವಸ್ತುವನ್ನು ಕಟ್ಟುತ್ತದೆ. ಒಳಗಿನ ಕೋಶಗಳು ಸತ್ತರೂ ಆ ಗೂಡು ಕುಗ್ಗದೆ ಉಳಿಯಬಹುದು. ಅಂಥಲ್ಲಿ ಅಳತೆಗಿಂತ ಹೊಳಪಿನ ಇಳಿತ ಹೆಚ್ಚು ಸುಳಿವು ಕೊಡಬಲ್ಲದು. ಎಸ್‌ಯುವಿ ಎಂಬ ಅದರ ಅಂಕಿ ಅರ್ಧಕ್ಕಿಂತ ಕೆಳಗಿಳಿದಿತ್ತು. ಶ್ವಾಸಕೋಶದ ಸಣ್ಣ ಚುಕ್ಕೆಗಳಿಗೆ ಪೆಟ್ ಸಾಲದು, ಸಿಟಿಯನ್ನೇ ನೋಡಬೇಕು. ಅದೂ ಸ್ವಚ್ಛವಿತ್ತು.

ತೆಗೆದ ಮೂಳೆಯನ್ನು ಸೂಕ್ಷ್ಮದರ್ಶಕದಲ್ಲಿ ನೋಡಿ, ಗಡ್ಡೆಯ ಶೇ. 90ರಷ್ಟಾದರೂ ಸತ್ತಿದ್ದರೆ ಕಿಮೋಗೆ ಒಳ್ಳೆಯ ಸ್ಪಂದನೆ ಎನ್ನುತ್ತಾರೆ. ಇವನದು ಆ ಗೆರೆ ದಾಟಿತ್ತು. ಉಳಿದ ಕಿಮೋ ಇನ್ನೂ ನಡೆದಿದೆ.

'ಆವಿಡ್'ಗೆ ನಾನು ಬರೆದುಕೊಟ್ಟದ್ದು: 'ಗುರುತಿನ ಸಕ್ಕರೆ ಹೆಚ್ಚಾಗಿ ಸಿಕ್ಕಿಕೊಂಡ ಜಾಗ'. ಪದದ ಲೆಕ್ಕದಲ್ಲಿ ದುಡ್ಡು ಕೊಡುವ ಗಿರಾಕಿ ಒಪ್ಪುತ್ತಿರಲಿಲ್ಲ. ಅಕ್ಕ ಅದನ್ನು ಫೈಲಿನ ಮೊದಲ ಹಾಳೆಗೆ ಅಂಟಿಸಿಕೊಂಡಿದ್ದಾಳೆ.